ಗುಲಾಬಿ ಮರಿ ಹೆಣ್ಣು, ಹಸಿರು ಮರಿ ಗಂಡು

ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿ ಯಾರೂ ಮೊಟ್ಟೆ ಇಡುವಂತಿಲ್ಲ. ಮಾಂಸಾಹಾರ ತರಬಾರದು ಎಂದು ಪ್ರೊಫೆಸರ್ ದಕ್ಷಿಣಾಮೂರ್ತಿಯವರೇ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ, ಹಿಂದಿಯಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ಅದರ ಪಕ್ಕದ ಡೀಪ್ ಫ್ರೀಜರಿನಲ್ಲಿ ಕೋಳಿಮರಿಗಳ ಲಿವರಿನ ಚೂರುಗಳು ಸಣ್ಣ ಸಣ್ಣ ಪ್ಲಾಸ್ಟಿಕ್ ಕೊಳವೆಗಳಲ್ಲಿ ಕಲ್ಲಾಗಿ ಕೂತಿವೆ. ಕೋಳಿಯ ಮೇಲೆ ಕೆಲಸ ಮಾಡಿ ದೇಶವಿದೇಶ ತಿರುಗಿದ ಈ ಮನುಷ್ಯ ಒಂದು ದಿನವೂ ಕೋಳಿಯನ್ನು ಮುಟ್ಟಿದವರಲ್ಲ. ಮುಟ್ಟುವುದು, ಕೊಯ್ಯುವುದು, ತೊಳೆಯುವುದು ನಮ್ಮ ಪಾಲು. ಫಲಿತಾಂಶ ಮಾತ್ರ ಅವರದು.

ನಾನು ಹರ್ಷಿಣಿ, ದಾವಣಗೆರೆಯವಳು, ಅವರ ಪಿಎಚ್‌ಡಿ ವಿದ್ಯಾರ್ಥಿನಿ. ನಮ್ಮ ಸಂಸ್ಥೆ ಚಿಕ್ಕದು, ದೇಶದ ರಾಜಧಾನಿಯ ಓಖ್ಲಾದಲ್ಲಿ ಗಾರ್ಮೆಂಟ್ ಫ್ಯಾಕ್ಟರಿಗಳ ಸಾಲಿನ ಹಿಂದಿದೆ. ಮುಂದಿನ ಚರಂಡಿಯಲ್ಲಿ ಬಟ್ಟೆಗೆ ಹಾಕುವ ಬಣ್ಣದ ನೀರು ಒಂದು ದಿನ ನೀಲಿ, ಒಂದು ದಿನ ಗುಲಾಬಿಯಾಗಿ ಹರಿಯುತ್ತದೆ. ಅದರ ವಾಸನೆಗೆ ಮೂಗು ಒಗ್ಗಿಹೋಗಿದೆ. ಒಗ್ಗದೇ ಇದ್ದದ್ದು ನಮ್ಮ ಪ್ರೊಫೆಸರ ಕನ್ನಡ.

ಅಂದರೆ ಭಾಷೆಯ ತಪ್ಪಲ್ಲ. ಲ್ಯಾಬಿನಲ್ಲಿ ನಾವಿಬ್ಬರೇ ಕನ್ನಡದವರು, ಮಿಕ್ಕವರೆಲ್ಲ ಬಿಹಾರ, ಹರಿಯಾಣ, ಬಂಗಾಳದವರು. ಹೊಗಳಬೇಕಾದರೆ ಪ್ರೊಫೆಸರು ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೊಗಳುತ್ತಾರೆ. ಬೈಯಬೇಕಾದರೆ, ಬಚ್ಚಿಡಬೇಕಾದರೆ, ಎಲ್ಲರ ಎದುರೇ ನಗುನಗುತ್ತಾ ಕನ್ನಡಕ್ಕೆ ಇಳಿಯುತ್ತಾರೆ. ನೋಡುವವರಿಗೆ ಊರಿನ ಹಿರಿಯರೊಬ್ಬರು ಹುಡುಗಿಯ ಕ್ಷೇಮ ವಿಚಾರಿಸುತ್ತಿರುವಂತೆ ಕಾಣುತ್ತದೆ.

"ನಿನ್ನ ಕೈ ಸರಿ ಇಲ್ಲ ಕಣಮ್ಮ," ಎಂದು ಹೋದ ಚಳಿಗಾಲದಲ್ಲಿ ಅವರು ಹಾಗೇ ನಗುತ್ತಾ ಹೇಳಿದರು. "ಸಂದೀಪನಿಗೆ ಬಂದಿದ್ದು ನಿನಗ್ಯಾಕೆ ಬರಲ್ಲ? ಇದು ಬರೋವರೆಗೂ ನಿನ್ನ ಥೀಸಿಸ್‌ಗೆ ನಾನು ಸೈನ್ ಹಾಕಲ್ಲ. ನೀನೇ ಯೋಚನೆ ಮಾಡು."

ಯೋಚನೆ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ನನ್ನ ಫೆಲೋಶಿಪ್ ಮುಗಿದಿತ್ತು. ಸಂಸ್ಥೆಯ ನಿಯಮದ ಪ್ರಕಾರ ಆ ಬೇಸಿಗೆಯೊಳಗೆ ಥೀಸಿಸ್ ಸಲ್ಲಿಸದಿದ್ದರೆ ನನ್ನ ನೋಂದಣಿಯೇ ರದ್ದು. ಆರು ವರ್ಷ ಮಣ್ಣುಪಾಲು.

ಸಂದೀಪನಿಗೆ ಬಂದದ್ದು ಏನು ಅಂತ ಹೇಳಬೇಕು. ಹೆಂಗಸರಲ್ಲಿ ಎಕ್ಸ್ ಕ್ರೋಮೋಸೋಮ್ ಎರಡು, ಗಂಡಸರಲ್ಲಿ ಒಂದೇ. ಎರಡಿದ್ದವರಲ್ಲಿ ಅದರ ಜೀನ್‌ಗಳ ಕೆಲಸವೂ ಎರಡು ಪಾಲು ಆಗಬೇಕಲ್ಲ, ಆಗುವುದಿಲ್ಲ. ಹೆಣ್ಣಿನ ಒಂದೊಂದು ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದರ ಬಾಯಿ ಹೆಚ್ಚುಕಮ್ಮಿ ಮುಚ್ಚಿಸಿಬಿಡುತ್ತದೆ. ಮೂರು ಬಣ್ಣದ ಬೆಕ್ಕು ಸಾಮಾನ್ಯವಾಗಿ ಹೆಣ್ಣೇ ಆಗಿರುವುದು ಇದರಿಂದಲೇ. ಮೈಯ ಒಂದು ಕಡೆ ಈ ಎಕ್ಸ್ ಮಾತಾಡಿದರೆ ಇನ್ನೊಂದು ಕಡೆ ಆ ಎಕ್ಸ್. ಹಣ್ಣಿನ ನೊಣ ಬೇರೆ ದಾರಿ ಹಿಡಿದಿದೆ. ಅಲ್ಲಿ ಗಂಡು ತನ್ನ ಒಂದೇ ಎಕ್ಸ್‌ನಿಂದ ಎರಡರ ಕೆಲಸ ತೆಗೆಯುತ್ತದೆ. ಒಂದು ಜಾತಿಯ ಸಣ್ಣ ಹುಳುವಿನಲ್ಲಿ ಎರಡು ಎಕ್ಸ್ ಇರುವ ಜೀವಿ ಎರಡನ್ನೂ ಅರ್ಧರ್ಧಕ್ಕೆ ಇಳಿಸುತ್ತದೆ. ದಾರಿ ಯಾವುದಾದರೂ ಕೊನೆಗೆ ಗಂಡು ಹೆಣ್ಣು ಸರಿಸಮ.

ಹಕ್ಕಿಗಳು ಈ ಗೋಜಿಗೆ ಅಷ್ಟಾಗಿ ಹೋಗಿಲ್ಲ. ಅಲ್ಲಿ ಎಲ್ಲ ತಿರುವುಮುರುವು. ಗಂಡಿಗೆ ಝಡ್ ಎಂಬ ಕ್ರೋಮೋಸೋಮ್ ಎರಡು. ಹೆಣ್ಣಿಗೆ ಒಂದು ಝಡ್, ಜೊತೆಗೆ ಡಬ್ಲ್ಯೂ ಎಂಬ ಪುಟ್ಟದೊಂದು. ಕೆಲವು ಜೀನ್‌ಗಳು ಸರಿದೂಗುತ್ತವೆ, ಬಹಳಷ್ಟು ಸರಿದೂಗುವುದಿಲ್ಲ. ಒಟ್ಟಿನಲ್ಲಿ ಹುಂಜದ ಝಡ್ ಕೆಲಸ ಹೇಂಟೆಯದಕ್ಕಿಂತ ಹೆಚ್ಚೇ ಇರುತ್ತದೆ, ಅವು ಹಾಗೇ ಬದುಕುತ್ತವೆ. ಲೋಕವೆಲ್ಲ ಇದನ್ನು ಒಪ್ಪಿದೆ. ನಮ್ಮ ಪ್ರೊಫೆಸರು ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸಮತೋಲ ಇಲ್ಲದ ಜಾಗವೇ ಇಲ್ಲ ಎಂಬುದು ಅವರ ಸಿದ್ಧಾಂತ. ಮೂರು ವರ್ಷದ ಹಿಂದೆ ನನ್ನ ಸೀನಿಯರ್ ಸಂದೀಪ ಕೋಳಿಮರಿಗಳ ಲಿವರಿನಲ್ಲಿ ಝಡ್‌ನ ಕೆಲವು ಜೀನ್‌ಗಳನ್ನು ಅಳೆದಾಗ ಗಂಡು ಹೆಣ್ಣು ಒಂದೇ ಸಮ ಬಂತು, ಕೂದಲೆಳೆಯ ವ್ಯತ್ಯಾಸವಿಲ್ಲ. ಪ್ರೊಫೆಸರು ಪ್ರಬಂಧ ಪ್ರಕಟಿಸಿದರು, ಪ್ರಶಸ್ತಿ ತಗೊಂಡರು, ಅರ್ಧನಾರೀಶ್ವರನ ಚಿತ್ರ ಹಾಕಿಕೊಂಡು ಊರೂರಲ್ಲಿ ಭಾಷಣ ಮಾಡಿದರು. ಸಂದೀಪ ಡಿಗ್ರಿ ತಗೊಂಡು ಗುರುಗ್ರಾಮದ ಕಂಪನಿ ಸೇರಿದ. ಅದನ್ನೇ ರಕ್ತದಲ್ಲಿ ತೋರಿಸುವುದು ನನ್ನ ಥೀಸಿಸ್. ಎಷ್ಟು ಸಲ ಮಾಡಿದರೂ ನನಗೆ ಹೇಂಟೆ ಒಂದಾದರೆ ಹುಂಜ ಒಂದೂವರೆಯ ಹತ್ತಿರ ಬರುತ್ತಿತ್ತು.

ರಕ್ತ ತರಲು ನಾನು ಹರಿಯಾಣದ ಸೋನೀಪತ್ ಆಚೆಗಿನ ಒಂದು ಹ್ಯಾಚರಿಗೆ ಹೋಗುತ್ತಿದ್ದೆ. ಮೊಟ್ಟೆ ಕೋಳಿಯ ಹ್ಯಾಚರಿ. ಅಲ್ಲಿ ಆ ದಿನ ಹುಟ್ಟಿದ ಮರಿಗಳು ಬೆಲ್ಟಿನ ಮೇಲೆ ಹಳದಿ ಹಳದಿಯಾಗಿ ಬರುತ್ತವೆ. ಕೆಲಸದವರು ಒಂದೊಂದನ್ನೂ ಎತ್ತಿ ರೆಕ್ಕೆ ಬಿಡಿಸಿ ನೋಡಿ, ಹೆಣ್ಣನ್ನು ಬುಟ್ಟಿಗೆ ಹಾಕುತ್ತಾರೆ, ಗಂಡನ್ನು ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಎಸೆಯುತ್ತಾರೆ. ಗಂಡು ಮೊಟ್ಟೆ ಇಡುವುದಿಲ್ಲ, ಈ ತಳಿ ಮಾಂಸಕ್ಕೂ ಆಗುವುದಿಲ್ಲ, ಸಾಕಿದರೆ ಮೇವು ದಂಡ. ಚೀಲ ತುಂಬಿದ ಮೇಲೆ ಬಾಯಿ ಕಟ್ಟಿ ಗೋಡೆಗೆ ಒರಗಿಸುತ್ತಾರೆ. ಒಳಗಿಂದ ಚಿಂವ್ ಚಿಂವ್ ಕೇಳುತ್ತಲೇ ಇರುತ್ತದೆ. ಕೆಳಗಿನವು ಉಸಿರುಗಟ್ಟಿ ಸತ್ತಿರುತ್ತವೆ, ಮೇಲಿನವು ಅವುಗಳ ಮೇಲೆ ಹೇತು ಒದ್ದಾಡುತ್ತಿರುತ್ತವೆ. ನಾನು ಒಂದು ಗಂಡು ಮರಿಯ ರೆಕ್ಕೆಯಿಂದ ತೊಟ್ಟು ರಕ್ತ ತೆಗೆದು, ಹತ್ತಿ ಒತ್ತಿ, ಮೇಜಿನ ಮೇಲೆ ಮೆತ್ತಗೆ ಇಟ್ಟರೆ, ಪಕ್ಕದವನು ಅದನ್ನು ಅಂಗೈಯಿಂದ ಗುಡಿಸಿ ಚೀಲಕ್ಕೆ ತಳ್ಳುತ್ತಿದ್ದ. ಮೊದಲ ಸಲ ನಾನು ಗೇಟಿನ ಹೊರಗೆ ಬಂದು ವಾಂತಿ ಮಾಡಿದೆ.

"ಎಲ್ಲಾ ಸಾಯಲ್ಲ ಮೇಡಂ," ಎಂದು ಅಲ್ಲಿನ ಮ್ಯಾನೇಜರ್ ಹಿಂದಿಯಲ್ಲಿ ಸಮಾಧಾನ ಹೇಳಿದ. "ಎಷ್ಟೋ ಚೀಲ ಬಣ್ಣದವರು ತಗೊಂಡು ಹೋಗ್ತಾರೆ, ಮರಿಗೆ ಬಣ್ಣ ಹಚ್ಚಿ ಬೀದೀಲಿ ಮಾರ್ತಾರೆ. ಮಕ್ಕಳು ಆಟ ಆಡ್ತವೆ."

ಹ್ಯಾಚರಿಗೆ ಹೋದ ದಿನಗಳಲ್ಲಿ ನಾನು ನೇರ ನನ್ನ ರೂಮಿಗೆ ಹೋಗುತ್ತಿರಲಿಲ್ಲ. ಪೀತಮ್‌ಪುರದಲ್ಲಿ ನನ್ನ ಚಿಕ್ಕಮ್ಮ ಲೀಲಮ್ಮನ ಮನೆ ದಾರಿಯಲ್ಲೇ ಸಿಗುತ್ತದೆ. ಚಿಕ್ಕಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಬಾಗಿಲಲ್ಲೇ ಚಿಕ್ಕಮ್ಮ ಮೂಗು ಮುಚ್ಚಿಕೊಂಡು, "ಮೊದಲು ಸ್ನಾನ ಮಾಡು, ಆಮೇಲೆ ಮಾತು," ಎಂದು ಬಕೆಟ್ ತೋರಿಸುತ್ತಿದ್ದಳು. ಎಷ್ಟು ಸೋಪು ಹಚ್ಚಿದರೂ ಆ ವಾಸನೆ ಕೂದಲಲ್ಲಿ ಉಳಿಯುತ್ತಿತ್ತು.

ಕೈ ಸರಿ ಇಲ್ಲ ಎನ್ನಿಸಿಕೊಂಡ ಮೇಲೆ ನಾನು ನನ್ನ ಕೈಯನ್ನೇ ಪರೀಕ್ಷೆ ಮಾಡಲು ಹೊರಟೆ. ಸಂದೀಪನ ಹಳೆಯ ಕೊಳವೆಗಳು ಫ್ರೀಜರಿನ ತಳದಲ್ಲಿದ್ದವು. ಅವನ್ನು ನಾನೇ ಅಳೆದೆ. ಗಂಡು ಹೆಣ್ಣು ಒಂದೇ ಸಮ ಬಂತು, ಪ್ರಬಂಧದಲ್ಲಿ ಇದ್ದ ಹಾಗೆಯೇ. ಅಂದರೆ ನನ್ನ ಕೈಯಲ್ಲಿ ತಪ್ಪಿಲ್ಲ, ಮರಿಗಳಲ್ಲೇ ಏನೋ ಬೇರೆ ಇದೆ. ಕೊಳವೆಗಳನ್ನು ವಾಪಸ್ಸಿಡುವಾಗ ಒಂದರ ಮುಚ್ಚಳದ ಸಂದಿಯಲ್ಲಿ ಒಂದು ಎಳೆ ತುಪ್ಪಳ ಸಿಕ್ಕಿಕೊಂಡಿರುವುದು ಕಂಡಿತು. ಕೊಳವೆಯ ಮೇಲೆ ಹೆಣ್ಣು ಎಂದು ಬರೆದಿತ್ತು. ತುಪ್ಪಳ ಗುಲಾಬಿ ಬಣ್ಣದ್ದು. ನಮ್ಮ ಚರಂಡಿಯಲ್ಲಿ ಹರಿಯುತ್ತದಲ್ಲ, ಅದೇ ಗುಲಾಬಿ.

ಸಂದೀಪನನ್ನು ಗುರುಗ್ರಾಮದಲ್ಲಿ ಅವನ ಆಫೀಸಿನ ಕೆಳಗಿನ ಢಾಬಾದಲ್ಲಿ ಹಿಡಿದೆ. ಅವನು ಬಟರ್ ಚಿಕನ್ ತರಿಸಿಕೊಂಡು ತಿನ್ನುತ್ತಾ ಕೂತಿದ್ದ. ಗುಲಾಬಿ ತುಪ್ಪಳದ ಫೋಟೋ ಮುಂದಿಟ್ಟೆ.

"ಯಾಕೀಗ ಅದೆಲ್ಲಾ?" ಅಂದ ಹಿಂದಿಯಲ್ಲಿ. "ಸರ್ ಹ್ಯಾಚರಿಗೆ ಹೋಗು ಅಂದ್ರು, ಹೋದೆ. ಆ ಚೀಲ ನೋಡಿದೆ. ನನ್ನ ಕೈಲಿ ಆಗ್ಲಿಲ್ಲ ಹರ್ಷಿಣಿ, ಗೇಟಿಂದಲೇ ವಾಪಸ್ ಬಂದ್ಬಿಟ್ಟೆ. ಗೋವಿಂದಪುರಿ ಮೆಟ್ರೋ ಹತ್ರ ಒಬ್ಬ ಭಯ್ಯಾ ಬಣ್ಣದ ಮರಿ ಮಾರ್ತಾ ಇದ್ದ. ನೋಡೋಕೆ ಕ್ಲೀನ್ ಆಗಿದ್ವು. ಅರ್ಧ ಗಂಡು, ಅರ್ಧ ಹೆಣ್ಣು ಕೊಡು ಅಂದೆ."

"ಅವನಿಗೆ ಹೇಗೆ ಗೊತ್ತಾಗುತ್ತೆ?"

"ಗುಲಾಬಿ ಲಡ್ಕಿ, ಹಸಿರು ಲಡ್ಕಾ ಅಂದ."

ಅವನು ರೊಟ್ಟಿಯಿಂದ ತಟ್ಟೆ ಒರೆಸಿದ.

"ನಂಬಿದ್ಯಾ?"

"ನಂಬೋದು ಬಿಡೋದು ಎಲ್ಲಿ ಬಂತು. ಕೆಲಸ ಮುಗೀಬೇಕಿತ್ತು. ಆಮೇಲೆ ಡಿಎನ್‌ಎ ಟೆಸ್ಟ್ ಮಾಡೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ರಿಸಲ್ಟ್ ಬಂತು, ಸರ್ ಕುಣಿದಾಡಿಬಿಟ್ರು. ಲಿಂಗ ಹ್ಯಾಚರಿಯಲ್ಲೇ ಗುರುತಿಸಿದ್ದು ಅಂತ ಅವರೇ ಬರೆದ್ರು."

ಚೀಲದ ಮರಿಗಳನ್ನು ನೋಡಲಾಗದವನು ಕೋಳಿಯ ಮೂಳೆ ಚೀಪುತ್ತಾ ಇದನ್ನು ಹೇಳಿದ. ಮೊಟ್ಟೆ ಕೋಳಿಯ ಹ್ಯಾಚರಿಯಿಂದ ಬಣ್ಣದವರಿಗೆ ಹೋಗುವುದು ಎಸೆಯುವ ಮರಿಗಳು ಮಾತ್ರ. ಎಸೆಯುವುದು ಗಂಡುಗಳನ್ನು ಮಾತ್ರ. ನೀರು ಬೆರೆಸಿದ ಬಟ್ಟೆ ಬಣ್ಣದಲ್ಲಿ ಅದ್ದಿ ತೆಗೆದರೆ ಗಂಡು ಹೆಣ್ಣಾಗುವುದಿಲ್ಲ. ಮರುದಿನ ಸಂದೀಪನ ಕೊಳವೆಗಳಲ್ಲಿ ಡಬ್ಲ್ಯೂ ಕ್ರೋಮೋಸೋಮಿಗಾಗಿ ಹುಡುಕಿದೆ. ಹೆಣ್ಣಾಗಿದ್ದರೆ ಅದು ಇರಲೇಬೇಕು. ಒಂದರಲ್ಲೂ ಇರಲಿಲ್ಲ. ಪ್ರಶಸ್ತಿ ಬಂದದ್ದು ಗಂಡನ್ನು ಗಂಡಿನ ಜೊತೆ ಅಳೆದು ಸರಿಸಮ ಎಂದು ಕೂಗಿದ್ದಕ್ಕೆ.

ಟೆಸ್ಟಿನ ಫಲಿತಾಂಶ, ಸಂದೀಪ ಹೇಳಿದ್ದು ಎಲ್ಲ ಬರೆದ ಕಾಗದಗಳನ್ನು ತಗೊಂಡು ನಾನು ಪ್ರೊಫೆಸರ ಮೇಜಿನ ಮುಂದೆ ನಿಂತೆ. ಲ್ಯಾಬಿನವರೆಲ್ಲ ಅಲ್ಲೇ ಚಹಾ ಕುಡಿಯುತ್ತಿದ್ದರು. ಪ್ರೊಫೆಸರು ಓದಿದರು, ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುವವರ ಹಾಗೆ ಅಂಗಿಯ ತುದಿಯಿಂದ ಒರೆಸಿದರು. ತಪ್ಪಾಯಿತು ಎನ್ನುತ್ತಾರೆ ಎಂದುಕೊಂಡಿದ್ದೆ. ಹೆದರುತ್ತಾರೆ ಎಂದಾದರೂ ಅಂದುಕೊಂಡಿದ್ದೆ. ಅವರು ನಕ್ಕರು, ನಗುತ್ತಲೇ ಕನ್ನಡಕ್ಕೆ ಇಳಿದರು.

"ಒಳ್ಳೇದಾಯ್ತಲ್ಲಮ್ಮ, ನಿನ್ನ ಕಷ್ಟ ತೀರ್ತು. ನೀನೂ ಆ ಮರಿ ಮಾರೋನ ಹತ್ರಾನೇ ತಗೋ. ಗುಲಾಬಿ ಹೆಣ್ಣು, ಹಸಿರು ಗಂಡು ಅಂತ ಬರ್ಕೋ. ರಿಸಲ್ಟ್ ತಾನಾಗೇ ಬರುತ್ತೆ, ಥೀಸಿಸ್ ಆಗುತ್ತೆ. ಈ ಡಬ್ಲ್ಯೂ ಟೆಸ್ಟ್ ಮಾಡಿದ್ದು ಮರೆತುಬಿಡು."

"ಸರ್, ಅದು ಸುಳ್ಳಲ್ವಾ?"

"ಸುಳ್ಳು ಹೇಳು ಅಂತ ನಾನೆಲ್ಲಿ ಹೇಳಿದೆ? ಸಂದೀಪ ಮಾಡಿದ ಹಾಗೇ ಮಾಡು ಅಂದೆ ಅಷ್ಟೆ. ಸೆಮಿನಾರ್ ಮುಗಿದ ಮಾರನೇ ದಿನ ಸೈನ್ ಹಾಕ್ತೀನಿ."

ಚಹಾ ಕುಡಿಯುತ್ತಿದ್ದವರು ನಮ್ಮ ಕಡೆ ನೋಡಿ ಮುಗುಳ್ನಕ್ಕರು. ಪ್ರೊಫೆಸರು ಪಕ್ಕದ ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ನನಗೆ ಕೊಟ್ಟರು. ಅವರ ಹೆಂಡತಿ ಮಾಡಿದ್ದು. ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ಚರಂಡಿಗೆ ಎಸೆದೆ. ಹ್ಯಾಚರಿಯ ಚೀಲದ ಮುಂದೆ ಕೂಡ ನನಗೆ ಇಷ್ಟು ಹೇಸಿಗೆ ಆಗಿರಲಿಲ್ಲ. ಅಲ್ಲಿಯವರು ಕೊನೇಪಕ್ಷ ಗಂಡನ್ನು ಗಂಡು ಎಂದೇ ಹೇಳಿ ಎಸೆಯುತ್ತಿದ್ದರು.

ಆದರೂ ಪ್ರೊಫೆಸರು ಹೇಳಿದಂತೆ ಮಾಡಿದೆ. ಅಕ್ಷರಶಃ ಹಾಗೇ ಮಾಡಿದೆ. ಗೋವಿಂದಪುರಿಯಲ್ಲಿ ಮೆಟ್ರೋ ಮೆಟ್ಟಿಲ ಕೆಳಗೆ ರಟ್ಟಿನ ಡಬ್ಬ ಇಟ್ಟುಕೊಂಡು ಕೂತವನ ಹತ್ತಿರ ಹೋಗಿ, ಅರ್ಧ ಗಂಡು ಅರ್ಧ ಹೆಣ್ಣು ಕೊಡಿ ಭಯ್ಯಾ ಎಂದೆ. ಅವನು ಒಂದು ಕ್ಷಣವೂ ಯೋಚಿಸದೆ ಗುಲಾಬಿಗಳನ್ನು ಒಂದು ಚೀಲಕ್ಕೆ, ಹಸಿರುಗಳನ್ನು ಇನ್ನೊಂದಕ್ಕೆ ಹಾಕಿದ. ಅವುಗಳ ಕಣ್ಣಂಚಿನಲ್ಲಿ ಬಣ್ಣ ಒಣಗಿ ರೆಪ್ಪೆ ಅಂಟಿಕೊಂಡಿತ್ತು. ಗುಲಾಬಿಗಳ ಕಾಲಿಗೆ ಗುಲಾಬಿ ದಾರ, ಹಸಿರಿನವಕ್ಕೆ ಹಸಿರು ದಾರ ಕಟ್ಟಿದೆ. ಒಂದೊಂದರಿಂದ ಒಂದೊಂದು ತೊಟ್ಟು ರಕ್ತ ತೆಗೆದೆ. ಹಕ್ಕಿಗಳ ಕೆಂಪು ರಕ್ತಕಣದಲ್ಲೂ ಜೀನ್‌ಗಳಿರುತ್ತವೆ, ಅಷ್ಟು ಸಾಕು. ಮರಿಗಳನ್ನು ಎಲ್ಲಿ ಬಿಡುವುದು ಎಂದು ತಿಳಿಯದೆ ಪೀತಮ್‌ಪುರಕ್ಕೆ ಒಯ್ದೆ.

"ಇದೇನೇ ಇದು ಅಸಹ್ಯ," ಎಂದಳು ಚಿಕ್ಕಮ್ಮ, ಡಬ್ಬದೊಳಗೆ ಇಣುಕಿ. "ಹೋಳಿ ಆಡಿದ ಹಾಗಿದೆ. ನಮ್ಮನೇಲಿ ಇದನ್ನೆಲ್ಲಾ ಇಡೋದಿಲ್ಲ."

ಎರಡು ದಿನದಲ್ಲಿ ಅರ್ಧಕ್ಕರ್ಧ ಮರಿಗಳು ಕತ್ತು ಚಾಚಿ ಸತ್ತವು. ಬಣ್ಣದ ಮರಿಗಳು ಬಾಳುವುದೇ ಹಾಗೆ. ಸತ್ತವನ್ನು ಚಿಕ್ಕಮ್ಮನೇ ಕಾಗದದಲ್ಲಿ ಸುತ್ತಿ ಪಾರ್ಕಿನಲ್ಲಿ ಹುಗಿದು ಬಂದಳು, ಬಂದವಳು ತಲೆಗೆ ನೀರು ಹಾಕಿಕೊಂಡು ನನ್ನನ್ನು ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ಉಳಿದವಕ್ಕೆ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಗೂಡು ಮಾಡಿ ರಾಗಿ ಹಾಕಿದಳು. ವಾರಗಳು ಕಳೆದಂತೆ ಬಣ್ಣದ ತುಪ್ಪಳ ಉದುರಿ ಬಿಳಿ ಪುಕ್ಕ ಬಂತು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳ ಫೋನು.

"ನಿನ್ನ ಗುಲಾಬಿ ದಾರದ ಹುಡುಗಿ ನೀರಿನ ಟ್ಯಾಂಕ್ ಹತ್ತಿ ನಿಂತು ಕೂಗ್ತಾ ಇದ್ದಾಳೆ ಕಣೆ. ತಲೆ ಮೇಲೆ ಕೆಂಪು ಜುಟ್ಟು ಬೇರೆ. ಪಕ್ಕದ ಮನೆ ಶರ್ಮಾಜಿ ಕಂಪ್ಲೇಂಟ್ ಕೊಡ್ತೀನಿ ಅಂತಿದ್ದಾರೆ."

"ಇನ್ನೊಂದು ಸಲ ಕೂಗಿದ್ರೆ ವಿಡಿಯೋ ಮಾಡು ಚಿಕ್ಕಮ್ಮ," ಎಂದೆ.

ಥೀಸಿಸ್ ಸಲ್ಲಿಸುವ ಮೊದಲು ಇಡೀ ಸಂಸ್ಥೆಯ ಎದುರು ಒಂದು ಸೆಮಿನಾರ್ ಕೊಡಬೇಕು. ಮೇ ತಿಂಗಳು, ಹೊರಗೆ ಧೂಳು ಬಿಸಿಗಾಳಿ, ಒಳಗೆ ಎಸಿ ಕೆಟ್ಟಿತ್ತು. ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಡೈರೆಕ್ಟರ್, ಚಂಡೀಗಢದ ಕಡೆಯ ಹೆಂಗಸು, ಕೂತಿದ್ದರು. ಅವರ ಪಕ್ಕದಲ್ಲಿ ಪ್ರೊಫೆಸರು ಇಸ್ತ್ರಿ ಮಾಡಿದ ಖಾದಿ ಜುಬ್ಬಾ ಹಾಕಿಕೊಂಡು ನೆಮ್ಮದಿಯಾಗಿದ್ದರು. ನನ್ನ ಸ್ಲೈಡುಗಳನ್ನು ಅವರು ಹಿಂದಿನ ದಿನವೇ ನೋಡಿ ಒಪ್ಪಿದ್ದರು. ಕೊನೆಯ ಮೂರನ್ನು ಮಾತ್ರ ನೋಡಿರಲಿಲ್ಲ. ಅವನ್ನು ನಾನು ಆ ಬೆಳಿಗ್ಗೆ ಸೇರಿಸಿದ್ದೆ.

ಸಂದೀಪನ ಪ್ರಯೋಗವನ್ನು ಅವನು ಮಾಡಿದ ಹಾಗೆಯೇ ರಕ್ತದಲ್ಲಿ ಮಾಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಗಂಡು ಹೆಣ್ಣು ಸರಿಸಮ ಬಂದಿದೆ ಎಂದು ತೋರಿಸಿದೆ. ಪ್ರೊಫೆಸರು ತಲೆಯಾಡಿಸಿದರು. ಮುಂದಿನ ಸ್ಲೈಡಿನಲ್ಲಿ ಗೋವಿಂದಪುರಿಯ ಡಬ್ಬ, ಗುಲಾಬಿ ಮತ್ತು ಹಸಿರು ಮರಿಗಳು. ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದರ ಮುಂದಿನದರಲ್ಲಿ ಡಬ್ಲ್ಯೂ ಪರೀಕ್ಷೆ, ಸಂದೀಪನ ಮರಿಗಳದ್ದೂ ನನ್ನ ಮರಿಗಳದ್ದೂ, ಎಲ್ಲದರಲ್ಲೂ ಖಾಲಿ. ಕೊನೆಯದರಲ್ಲಿ ನನ್ನ ಚಿಕ್ಕಮ್ಮನ ನೀರಿನ ಟ್ಯಾಂಕು, ಅದರ ಮೇಲೆ ಕಾಲಿಗೆ ಗುಲಾಬಿ ದಾರ ಕಟ್ಟಿಕೊಂಡ ಹುಂಜ ಕತ್ತು ಎತ್ತಿ ಕೂಗಿತು. ನಿಜವಾದ ಹೇಂಟೆ ಹುಂಜಗಳನ್ನು ಅಳೆದರೆ ಸಮ ಬರುವುದಿಲ್ಲ, ನನ್ನ ಹ್ಯಾಚರಿಯ ಅಳತೆಗಳು ಈ ಕಾಗದಗಳಲ್ಲಿವೆ ಎಂದೆ.

ಹಾಲ್ ಹೋ ಎಂದು ನಕ್ಕಿತು. ನನಗೆ ನಗು ಬರಲಿಲ್ಲ. ಆ ಚೀಲಗಳನ್ನು ನೋಡಿದವರಿಗೆ ಬರುವ ನಗುವಲ್ಲ ಅದು.

ನಗು ನಿಂತ ಮೇಲೆ ಪ್ರೊಫೆಸರು ಎದ್ದು ನಿಂತರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

"ವಿಜ್ಞಾನ ಅಂದರೆ ಇದು," ಎಂದು ಸಭೆಗೆ ಇಂಗ್ಲಿಷಿನಲ್ಲಿ ಹೇಳಿದರು. "ಹಳೆಯ ವಿದ್ಯಾರ್ಥಿಯ ಕೆಲಸದ ಮೇಲೆ ನನಗೆ ಅನುಮಾನ ಬಂತು. ಅದೇ ಮಾರಾಟಗಾರನಿಂದ ಅದೇ ಮರಿಗಳನ್ನು ತಂದು ಪರೀಕ್ಷಿಸಲು ಹರ್ಷಿಣಿಗೆ ನಾನೇ ಹೇಳಿದೆ. ನಮ್ಮದೇ ತಪ್ಪನ್ನು ನಾವೇ ಹುಡುಕುವ ಧೈರ್ಯ ಇರಬೇಕು."

ಕೆಲವರು ಚಪ್ಪಾಳೆ ತಟ್ಟಿದರು. ಡೈರೆಕ್ಟರ್ ಕೂಡ ತಟ್ಟಿದರು. ಅದೇ ಮಾರಾಟಗಾರ, ಅದೇ ಮರಿಗಳು, ನಾನೇ ಹೇಳಿದೆ: ಒಂದೊಂದು ಪದವೂ ನಿಜ. ಸುಳ್ಳನ್ನು ಇಷ್ಟು ಚೊಕ್ಕವಾಗಿ ತೊಳೆದು ಮಡಿ ಉಡಿಸಿ ನಿಲ್ಲಿಸಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ.

"ಅಲ್ಲವೇ, ಹರ್ಷಿಣಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಪರದೆಯ ಮೇಲಿನ ಹುಂಜದ ಕಡೆ ಕೈ ತೋರಿಸಿದೆ. ಆಗ ನಗುನಗುತ್ತಾ, ಕ್ಷೇಮ ವಿಚಾರಿಸುವ ದನಿಯಲ್ಲಿ, ಎಲ್ಲರ ಎದುರಿಗೇ ಕನ್ನಡಕ್ಕೆ ಇಳಿದರು.

"ಹೂಂ ಅನ್ನು. ನಾಳೆ ಬೆಳಿಗ್ಗೆ ಸೈನ್ ಹಾಕ್ತೀನಿ. ಅನ್ನದಿದ್ರೆ ನೀನು ಈ ಜನ್ಮದಲ್ಲಿ ಡಾಕ್ಟರ್ ಆಗಲ್ಲ."

ನಾನು ದಾವಣಗೆರೆಯಲ್ಲಿ ಮನೆ ಬಾಗಿಲಿಗೆ ಡಾ. ಹರ್ಷಿಣಿ ಎಂದು ಫಲಕ ಬರೆಸಲು ಕಾಯುತ್ತಿದ್ದ ಅಪ್ಪನನ್ನು ನೆನೆದೆ. ಸಹಿ ನನ್ನ ಕೈಗೆಟುಕುವಷ್ಟು ಹತ್ತಿರವಿತ್ತು. ಒಂದು ಹೂಂ ಸಾಕಿತ್ತು. ಮೈಕನ್ನು ಬಾಯಿಯ ಹತ್ತಿರ ತಂದುಕೊಂಡೆ.

"ಸರ್ ಈಗ ಹೇಳಿದ್ದನ್ನು ಎಲ್ಲರಿಗಾಗಿ ಅನುವಾದ ಮಾಡ್ತೀನಿ," ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದೊಂದು ಮಾತನ್ನೂ ಅನುವಾದ ಮಾಡಿದೆ. ಹೂಂ ಅನ್ನು. ಸೈನ್ ಹಾಕ್ತೀನಿ. ಈ ಜನ್ಮದಲ್ಲಿ ಆಗಲ್ಲ. ಆಮೇಲೆ, ಚಹಾ ಕುಡಿಯುತ್ತಿದ್ದ ಆ ಸಂಜೆ ಮೇಜಿನ ಮುಂದೆ ಅವರು ಹೇಳಿದ್ದನ್ನೂ ಅನುವಾದ ಮಾಡಿದೆ, ಡಬ್ಲ್ಯೂ ಟೆಸ್ಟ್ ಮರೆತುಬಿಡು ಎಂಬಲ್ಲಿಯವರೆಗೆ. ಅಂದು ನಮ್ಮನ್ನು ನೋಡಿ ಮುಗುಳ್ನಕ್ಕಿದ್ದ ಲ್ಯಾಬಿನವರು ಈಗ ತಲೆ ತಗ್ಗಿಸಿಕೊಂಡರು.

ಡೈರೆಕ್ಟರ್ ತಮ್ಮ ಕುರ್ಚಿಯಲ್ಲೇ ಪ್ರೊಫೆಸರ ಕಡೆಗೆ ತಿರುಗಿ, ನೀವು ಹೀಗೆ ಹೇಳಿದಿರಾ ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ ಕೇಳಿದರು.

ಪ್ರೊಫೆಸರು ನನ್ನ ಕಡೆ ನೋಡಿದರು. ಕನ್ನಡದಲ್ಲಿ ಕೂಡ ಅವರ ಬಾಯಿಂದ ಒಂದು ಮಾತು ಹೊರಡಲಿಲ್ಲ.